ಕೇಬಲ್ ಕಡಿದರೆ ಎಷ್ಟು ಜನರ ಕೆಲಸ ನಿಲ್ಲುತ್ತದೆ?

ಕಾಲೇಜು, ಬ್ಯಾಂಕು, ಸಣ್ಣಪುಟ್ಟ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕಸುಬು. ಬಸ್, ರಿಂಗ್, ಸ್ಟಾರ್, ಮೆಶ್ ಎಂಬ ಜೋಡಣೆಗಳ ಪೈಕಿ ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ನಾನು ಮೊದಲು ಕೇಳುವುದು ಮೇಲಿನ ಪ್ರಶ್ನೆಯನ್ನೇ.

1. ಎಲ್ಲರನ್ನೂ ಒಂದೇ ಕೇಬಲ್ಲಿಗೆ ಜೋಡಿಸುವ ಬಸ್ ಅಗ್ಗ, ಆದರೆ ಒಬ್ಬರ ತೊಂದರೆ ಎಲ್ಲರಿಗೂ ತಗಲುತ್ತದೆ. ಹಿಂದಿನ ತೆಳು ಕೋಆಕ್ಸಿಯಲ್ ಕೇಬಲ್ಲಿನ ಒಂದು ತುಂಡಿಗೆ 185 ಮೀಟರ್ ಉದ್ದ, 30 ಸಂಪರ್ಕ ಎಂಬ ಮಿತಿ ಇತ್ತು. ಎರಡೂ ತುದಿಗೆ 50 ಓಮ್ ಟರ್ಮಿನೇಟರ್ ಬೇಕಿತ್ತು. ಒಂದು ಸಡಿಲವಾದರೂ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು ಇಡೀ ಲ್ಯಾಬ್ ನಿಂತುಹೋಗುತ್ತಿತ್ತು. ಆಗ ಮಲ್ಟಿಮೀಟರೇ ಗತಿ. ಮಧ್ಯದ ಟಿ-ಕನೆಕ್ಟರ್‌ನಲ್ಲಿ ಅಳೆದಾಗ ಸುಮಾರು 25 ಓಮ್ ತೋರಿಸಿದರೆ ಎರಡೂ ತುದಿ ಸರಿಯಿವೆ. 50 ತೋರಿಸಿದರೆ ಯಾವುದೋ ಒಂದು ಕಡೆ ಬಿಟ್ಟುಹೋಗಿದೆ. ಯಾವ ಕಡೆ ಎಂದು ತಿಳಿಯಲು ಮೇಜುಗಳ ಕೆಳಗೆ ತೆವಳಲೇಬೇಕು.

2. ಆಫೀಸಿಗೆ ಸ್ಟಾರ್ ಹಾಕಿ: ಪ್ರತಿ ಕಂಪ್ಯೂಟರ್‌ನಿಂದ ನಡುವಿನ ಸ್ವಿಚ್ಚಿಗೆ ಬೇರೆ ಬೇರೆ ಕೇಬಲ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಒಂದು ಕೇಬಲ್ ಕೆಟ್ಟರೆ ಒಂದೇ ಕಂಪ್ಯೂಟರ್ ನಿಲ್ಲುತ್ತದೆ, ಯಾವುದೆಂದು ಸ್ವಿಚ್ಚಿನ ದೀಪವೇ ಹೇಳುತ್ತದೆ. ತಾಮ್ರದ ಕೇಬಲ್ 100 ಮೀಟರ್ ದಾಟದಿರಲಿ. ಸ್ವಿಚ್ ಕೆಟ್ಟರೆ ಮಾತ್ರ ಎಲ್ಲರೂ ಕೈಕಟ್ಟಿ ಕೂರಬೇಕು. ಕಂಪ್ಯೂಟರ್‌ಗಳಿಗೆಲ್ಲ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಮರೆಯುವವರೇ ಹೆಚ್ಚು. ಮೊದಲ ಯುಪಿಎಸ್ ಅದಕ್ಕೇ ಸಲ್ಲಬೇಕು.

3. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಒಂದೇ ಸಮನೆ ಮಿಟುಕತೊಡಗಿದರೆ ಲೂಪ್ ಇದೆಯೇ ಎಂದು ನೋಡಿ. ಯಾರೋ ಬಿದ್ದಿದ್ದ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿರುತ್ತಾರೆ. ಇದಕ್ಕೆ ಕಂಪ್ಯೂಟರ್ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1985ರಲ್ಲೇ ಸ್ಪ್ಯಾನಿಂಗ್ ಟ್ರೀ ಎಂಬ ಪರಿಹಾರ ಕೊಟ್ಟಿದ್ದಾರೆ. ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ.

4. ರಿಂಗ್ ಎಂದರೆ ಎರಡು ದಾರಿ. ಕ್ಯಾಂಪಸ್ಸಿನ ಕಟ್ಟಡಗಳ ನಡುವೆ ಫೈಬರ್ ರಿಂಗ್ ಬಲು ಉಪಯುಕ್ತ. ಒಂದು ಕಡೆ ಕಡಿದರೆ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಆದರೆ ಖರ್ಚು ಉಳಿಸಲು ಎರಡೂ ಕೇಬಲ್ಲನ್ನು ಒಂದೇ ಗುಂಡಿಯಲ್ಲಿ ಹೂಳುತ್ತಾರೆ. ಜೆಸಿಬಿ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ನಕ್ಷೆಯನ್ನು ನಂಬಬೇಡಿ, ಅಗೆತವನ್ನು ನಿಂತು ನೋಡಿ.

5. ಪ್ರತಿಯೊಂದನ್ನೂ ಉಳಿದೆಲ್ಲಕ್ಕೂ ನೇರವಾಗಿ ಜೋಡಿಸುವ ಪೂರ್ತಿ ಮೆಶ್‌ಗೆ 10 ಸಾಧನಗಳಿದ್ದರೆ 45 ಕೇಬಲ್ ಬೇಕು. ಮುಖ್ಯ ಸ್ವಿಚ್ಚುಗಳ ನಡುವೆ ಮಾತ್ರ ಅದು ಸಾಕು. ಮನೆಯ ವೈಫೈ ಮೆಶ್‌ನಲ್ಲಿ ಒಂದೇ ರೇಡಿಯೊ ಸಾಧನಗಳಿಗೂ ಮುಂದಿನ ವೈಫೈ ಪೆಟ್ಟಿಗೆಗೂ ದುಡಿಯುತ್ತಿದ್ದರೆ ಪ್ರತಿ ಜಿಗಿತಕ್ಕೂ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಗೋಡೆ ಕೊರೆಯಲು ಮನೆಯವರು ಒಪ್ಪಿದರೆ ಎರಡನೆಯ ಪೆಟ್ಟಿಗೆಗೆ ಕೇಬಲ್ಲನ್ನೇ ಎಳೆಯಿರಿ.