ಕಸ ಬೀಳಲೆಂದು ಕಾಯಬೇಡಿ, ಗಿಣ್ಣು ಕುಡಿಸಿ

ಹಸು ಈದ ಮೇಲೆ ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ನಂಬಬೇಡಿ. ರೋಗ ತಡೆಯುವ ಶಕ್ತಿ ಕರುವಿಗೆ ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಗುಣ ಗಂಟೆಗಂಟೆಗೂ ಕುಗ್ಗುತ್ತಾ ಒಂದು ದಿನದಲ್ಲಿ ಮುಗಿದೇ ಹೋಗುತ್ತದೆ. ಹಾಗಾಗಿ ಹುಟ್ಟಿದ 1–2 ಗಂಟೆಯೊಳಗೆ ಮೊದಲ ಗಿಣ್ಣು ಕುಡಿಸಿ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಕನಿಷ್ಠ 3 ಲೀಟರ್ ಬೇಕು; ಎರಡು ಮೂರು ಸಲ ಹಂಚಿ ಕೊಡಿ.

ಕರು ಚೀಪಿದರೆ ಗರ್ಭಕೋಶ ಕುಗ್ಗಿ ಕಸ ಬೀಳಲೂ ಅನುಕೂಲ. ಸಾಮಾನ್ಯವಾಗಿ 8–12 ಗಂಟೆಯೊಳಗೆ ಬೀಳುತ್ತದೆ. ತಡವಾದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ, ಪಶುವೈದ್ಯರನ್ನು ಕರೆಸಿ. ಮಿಕ್ಕ ಗಿಣ್ಣಿನಲ್ಲಿ ಸಿಹಿ ಮಾಡಿಕೊಂಡು ತಿನ್ನಿ, ಆದರೆ ಮೊದಲ ಪಾಲು ಕರುವಿನದು.