ವಾರಂಟಿ ಮುಗಿದ ಮೇಲೆ ಒಡೆದ ಕೂಲೆಂಟ್ ಪೈಪು: ಕಾರಿನ ಮಾಲೀಕನ ಹಕ್ಕು ಎಲ್ಲಿಯವರೆಗೆ?

ವಿ8 ಎಂಜಿನ್ನಿನ ಎರಡು ಸಿಲಿಂಡರ್ ಸಾಲುಗಳ ನಡುವಿನ ತಗ್ಗಿನಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಹಾದುಹೋಗುವ ಕೂಲೆಂಟ್ ಪೈಪುಗಳು ಬಾನೆಟ್ ಎತ್ತಿದರೂ ಕಣ್ಣಿಗೆ ಬೀಳುವುದಿಲ್ಲ. ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಪೋರ್ಶೆ ಕಂಪನಿ 2003ರಿಂದ 2006ರವರೆಗಿನ ಕೇಯೆನ್ ಕಾರುಗಳ ವಿ8 ಎಂಜಿನ್ನುಗಳಲ್ಲಿ ಈ ಪೈಪುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿತ್ತು. ಓಡುವಾಗ ಒಳಗೆ ನೂರು ಡಿಗ್ರಿಯ ಆಸುಪಾಸಿನ ಬಿಸಿ ದ್ರವ, ಮೇಲೆ ಅದರ ಒತ್ತಡ; ನಿಲ್ಲಿಸಿದ ಮೇಲೆ ತಣ್ಣಗಾಗುವುದು. ವರ್ಷಗಟ್ಟಲೆ ಹೀಗೇ ಕಾದು ಆರಿ ಪ್ಲಾಸ್ಟಿಕ್ ಪೆಡಸಾಗಿ ಸೀಳು ಬಿಡುತ್ತಿತ್ತು. ಸೋರಿದ ಕೂಲೆಂಟ್ ಅದೇ ತಗ್ಗಿನಲ್ಲಿದ್ದ ಸ್ಟಾರ್ಟರ್ ಮೋಟರಿನ ಮೇಲೆ ನಿಂತು ಹಿಂದಕ್ಕೆ ಗೇರ್‌ಬಾಕ್ಸಿನ ಕಡೆಗೂ ಇಳಿಯುತ್ತಿತ್ತು. ಬದಲಿಗೆ ಬಂದ ಪೈಪುಗಳು ಅಲ್ಯುಮಿನಿಯಂನವು. ಅಮೆರಿಕದ ಮಾಲೀಕರು ಹೂಡಿದ ದಾವೆಗಳು ಒಹಾಯೋ ದಕ್ಷಿಣ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ ಒಂದುಗೂಡಿದವು. ಕಂಪನಿಯ ಆಕ್ಷೇಪಣೆಯ ಮೇಲೆ 2012ರಲ್ಲಿ ಕೋರ್ಟ್ ಕೆಲವು ಕೋರಿಕೆಗಳನ್ನು ತಳ್ಳಿಹಾಕಿ ಕೆಲವನ್ನು ಉಳಿಸಿಕೊಂಡಿತು. ಕೊನೆಗೆ ಪ್ರಕರಣ ರಾಜಿಯಲ್ಲಿ ಮುಗಿದು, ದುರಸ್ತಿ ವೆಚ್ಚದ ಒಂದು ಪಾಲನ್ನು ಮರಳಿ ಪಡೆಯುವ ದಾರಿ ಮಾಲೀಕರಿಗೆ ತೆರೆಯಿತು.

ಇಂಥದೇ ಸೋರಿಕೆ ನಮ್ಮ ಊರಿನಲ್ಲಿ ಆದಾಗ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಸರ್, ವಾರಂಟಿ ಮುಗಿದಿದೆ." ಹೆಚ್ಚಿನವರು ಅಲ್ಲಿಗೇ ಸುಮ್ಮನಾಗಿ ಬಿಲ್ ಕಟ್ಟುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ ಎಂಬುದೇ ಈ ಲೇಖನದ ವಾದ. ವಾರಂಟಿ ಎನ್ನುವುದು ಕಂಪನಿ ತಾನಾಗಿ ಕೊಟ್ಟ ಮಾತು, ಅದರ ಅವಧಿಯನ್ನೂ ಅದೇ ಗೊತ್ತುಮಾಡಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(10) ಹೇಳುವ 'ದೋಷ' ಅದಕ್ಕಿಂತ ಅಗಲವಾದದ್ದು. ಕಾನೂನಿನಿಂದಾಗಲಿ, ಕರಾರಿನಿಂದಾಗಲಿ ಇರಬೇಕಾದ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದು ದೋಷ. ಕರಾರು ಬರಹದಲ್ಲೇ ಇರಬೇಕೆಂದಿಲ್ಲ, ವ್ಯವಹಾರದಿಂದಲೇ ಹೊರಡುವ ಅವ್ಯಕ್ತ ಕರಾರೂ ಸಾಕು. ಮಾರಿದ ದಿನವೇ ಆ ಕೊರತೆ ವಸ್ತುವಿನೊಳಗೆ ಕೂತಿದ್ದು, ಹೊರಗೆ ಕಂಡದ್ದು ಮಾತ್ರ ವಾರಂಟಿ ಕಳೆದ ಮೇಲೆ ಎಂದಾದರೆ ದೂರು ಕೊಡಲು ಆಧಾರವಿದೆ. ಅದನ್ನು ಸಾಬೀತು ಮಾಡುವುದು ಮಾತ್ರ ದೂರುದಾರನ ಹೆಗಲ ಮೇಲಿದೆ.

ಕಂಪನಿಯ ಮೊದಲ ಆಕ್ಷೇಪಣೆ, ಪ್ಲಾಸ್ಟಿಕ್ ಸವೆಯುವುದು ಸಹಜ ಎಂಬುದು. ಈ ಮಾತಿನಲ್ಲಿ ನಿಜವಿದೆ, ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಗಾಜಿನ ನಾರು ಬೆರೆಸಿದ ನೈಲಾನ್ ಹಗುರ, ಅಗ್ಗ, ತುಕ್ಕು ಹಿಡಿಯುವುದಿಲ್ಲ. ಇಂದಿನ ಸಾಮಾನ್ಯ ಕಾರುಗಳ ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರ್ ಟ್ಯಾಂಕುಗಳೂ ಅದರಲ್ಲೇ ಆಗುತ್ತವೆ. ಪ್ಲಾಸ್ಟಿಕ್ ಬಳಸಿದ್ದೇ ದೋಷ ಎಂದು ದೂರಿನಲ್ಲಿ ಬರೆದರೆ ಆ ದೂರು ಉಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಬ್ರೇಕ್ ಪ್ಯಾಡ್, ವೈಪರ್, ಬೆಲ್ಟುಗಳು ಸವೆಯುತ್ತವೆ ಎಂದು ಕಂಪನಿಯೇ ಸರ್ವಿಸ್ ಪುಸ್ತಕದಲ್ಲಿ ಬರೆದು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಹೇಳಿರುತ್ತದೆ. ಕೂಲೆಂಟ್ ಪೈಪಿಗೆ ಅಂಥ ಸಾಲು ಇದೆಯೇ? ಇಲ್ಲದಿದ್ದರೆ, ಎಂಜಿನ್ ಇರುವಷ್ಟು ಕಾಲ ಬಾಳುವ ಭಾಗವೆಂದು ಕೊಂಡವನು ನಂಬಿದ್ದು ಸಹಜ. ಮ್ಯಾನಿಫೋಲ್ಡ್ ಬಿಚ್ಚದೆ ನೋಡಲೂ ಆಗದ ಜಾಗದಲ್ಲಿ, ಒಡೆದರೆ ಎಂಜಿನ್ನನ್ನೇ ಕೆಡಿಸುವ ಭಾಗವನ್ನಿಟ್ಟು, ಅದು ಸವೆಯುವ ವಸ್ತುವೆಂದು ಆಮೇಲೆ ಹೇಳುವುದು ಒಪ್ಪತಕ್ಕ ಮಾತಲ್ಲ. ಅದೇ ಜಾಗಕ್ಕೆ ಕಂಪನಿ ಲೋಹದ ಪೈಪು ತಂದಿದ್ದರೆ, ಆ ಬದಲಾವಣೆಯೇ ತಪ್ಪೊಪ್ಪಿಗೆ ಆಗದಿದ್ದರೂ ಮೂಲ ವಿನ್ಯಾಸದ ಬಗ್ಗೆ ಉತ್ತರ ಕೊಡಬೇಕಾದ ಸ್ಥಿತಿಗೆ ಅದನ್ನು ತರುತ್ತದೆ.

ಆದ್ದರಿಂದ ಒಡೆದ ಪೈಪು ಕಸದ ಡಬ್ಬಿಗೆ ಹೋಗಬಾರದು. ಸ್ವಂತ ಹಣದಲ್ಲಿ ಬದಲಿಸಿದ ಭಾಗ ನಿಮ್ಮದು. ಹಳೆಯ ಭಾಗ ವಾಪಸ್ ಬೇಕು ಎಂದು ಜಾಬ್ ಕಾರ್ಡಿನಲ್ಲೇ ಮೊದಲು ಬರೆಸಿ. ಇಂಥ ಅಚ್ಚಿನ ಪ್ಲಾಸ್ಟಿಕ್ ಭಾಗಗಳ ಮೇಲೆ ಸಾಮಾನ್ಯವಾಗಿ ಪಾರ್ಟ್ ನಂಬರ್, ವಸ್ತು ಯಾವುದೆಂಬ ಸಂಕೇತ, ಮತ್ತು ಗಡಿಯಾರದ ಮುಖದಂಥ ಪುಟ್ಟ ವೃತ್ತದೊಳಗೆ ಬಾಣ ತೋರಿಸುವ ತಯಾರಿಕೆಯ ತಿಂಗಳು, ವರ್ಷ ಉಬ್ಬಿ ನಿಂತಿರುತ್ತವೆ. ಆ ಗುರುತಿನ ಫೋಟೋ, ಬಿಚ್ಚುವ ಮೊದಲು ಸೋರಿಕೆ ಇದ್ದ ಜಾಗದ ವಿಡಿಯೋ, ಓಡೋಮೀಟರ್ ಫೋಟೋ, ಸ್ಕ್ಯಾನರಿನಲ್ಲಿ ಬಂದ ಫಾಲ್ಟ್ ಕೋಡುಗಳ ಪ್ರಿಂಟ್, ಇಲ್ಲಿಯವರೆಗಿನ ಎಲ್ಲ ಸರ್ವಿಸ್ ಬಿಲ್‌ಗಳು ಒಂದೇ ಫೈಲಿನಲ್ಲಿರಲಿ. ಮೊಬೈಲಿನ ಫೋಟೋ, ವಿಡಿಯೋಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವನ್ನೂ ಲಗತ್ತಿಸುವುದು ಒಳ್ಳೆಯದು. ಬೇರೆ ಗ್ಯಾರೇಜಿನಲ್ಲಿ ಕೆಲಸ ಮಾಡಿಸುವುದಾದರೆ, ಇಷ್ಟು ದಿನದೊಳಗೆ ಬಂದು ಪರಿಶೀಲಿಸಿ ಎಂದು ಡೀಲರ್‌ಗೂ ತಯಾರಕರಿಗೂ ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಹಾಗೆ ಮಾಡಿದರೆ, ನಮಗೆ ನೋಡಲು ಅವಕಾಶವೇ ಕೊಡಲಿಲ್ಲ ಎಂಬ ತಕರಾರು ಮುಂದೆ ನಿಲ್ಲುವುದಿಲ್ಲ.

ತಜ್ಞರ ವರದಿಯಿಲ್ಲದೆ ಗೆಲ್ಲಬಹುದೇ? ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕಾರಿನ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಘಟನೆಯೇ ದೋಷವನ್ನು ಹೇಳುವಾಗ ಗ್ರಾಹಕ ಡಿಕ್ಕಿಯ ಲೆಕ್ಕಾಚಾರಗಳಲ್ಲಿ ಪರಿಣತನಾಗಿರಬೇಕಿಲ್ಲ ಎಂಬ ನಿಲುವು ತಳೆಯಿತು. ಆದರೆ ನಾಲ್ಕೈದು ವರ್ಷ ಓಡಿದ ಕಾರಿನ ಪೈಪಿನ ವಿಷಯದಲ್ಲಿ ಅದನ್ನೇ ನಂಬಿ ಕೂರುವುದು ಅಪಾಯ. ಇಲ್ಲಿ ಸೀಳಿಗೆ ಬೇರೆ ಕಾರಣಗಳೂ ಇರಬಹುದು: ನಲ್ಲಿ ನೀರು ಬೆರೆಸಿದ್ದು, ಶಿಫಾರಸು ಮಾಡದ ಕೂಲೆಂಟ್ ಹಾಕಿದ್ದು, ಮೆಕ್ಯಾನಿಕ್ ಬಿಗಿಯುವಾಗ ಬಿದ್ದ ಪೆಟ್ಟು. ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 38(2)(ಸಿ) ಈ ಕಾರಣಕ್ಕೇ ಇದೆ. ಪರೀಕ್ಷೆಯಿಲ್ಲದೆ ದೋಷ ತಿಳಿಯುವುದಿಲ್ಲ ಎನ್ನುವಾಗ ಗ್ರಾಹಕ ಆಯೋಗ ಮಾದರಿಯನ್ನು ಸೀಲ್ ಮಾಡಿ ಸೂಕ್ತ ಪ್ರಯೋಗಾಲಯಕ್ಕೆ ಕಳಿಸುತ್ತದೆ, 45 ದಿನಗಳೊಳಗೆ ವರದಿ ಬರಬೇಕು. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರ ಕಟ್ಟಬೇಕಾಗಬಹುದು. ದೂರಿನ ಜೊತೆಗೇ ಇದಕ್ಕೊಂದು ಅರ್ಜಿ ಹಾಕಿಬಿಡಿ. ವಾದದ ಹಂತ ತಲುಪಿದ ಮೇಲೆ ನೆನಪಾದರೆ ತಡವಾಗುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ. ಕಾಯ್ದೆಯ 82ರಿಂದ 87ರವರೆಗಿನ ಕಲಮುಗಳು 'ಉತ್ಪನ್ನ ಹೊಣೆ'ಯನ್ನು ತಂದಿವೆ, ವಿನ್ಯಾಸ ದೋಷಕ್ಕೂ ತಯಾರಕನನ್ನು ಹೊಣೆ ಮಾಡುತ್ತವೆ. ಅದನ್ನು ಓದಿ ಎಂಜಿನ್ನಿನ ಹಾನಿಗೆ ಇದೇ ಸರಿಯಾದ ದಾರಿ ಎಂದುಕೊಳ್ಳುವುದು ಸುಲಭ. ಆದರೆ ಕಲಂ 2(22) ಉತ್ಪನ್ನಕ್ಕೇ ಆದ ಕೆಡುಕನ್ನು ಉತ್ಪನ್ನ ಹೊಣೆಯ 'ಹಾನಿ'ಯ ಲೆಕ್ಕದಿಂದ ಹೊರಗಿಟ್ಟಿದೆ. ಬಿಸಿ ಕೂಲೆಂಟ್ ಸಿಡಿದು ಯಾರಿಗಾದರೂ ಸುಟ್ಟಗಾಯವಾದರೆ ಉತ್ಪನ್ನ ಹೊಣೆ. ಸಿಲಿಂಡರ್ ಹೆಡ್ ಸೊಟ್ಟಗಾದರೆ ಸರಕಿನ ದೋಷದ ಸಾಮಾನ್ಯ ದೂರು. ಎರಡನೆಯದಕ್ಕೆ ಪರಿಹಾರ ಕಲಂ 39ರಲ್ಲಿದೆ: ದೋಷ ಸರಿಪಡಿಸುವುದು, ವಸ್ತು ಬದಲಿಸುವುದು, ಹಣ ಮರಳಿಸುವುದು, ಎದುರುದಾರನ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರ. ಈ ಪೈಪುಗಳು ಒಡೆಯುತ್ತವೆಂದು ಗೊತ್ತಿದ್ದೂ ಸರ್ವಿಸ್ ಸೆಂಟರ್ ಪ್ರತಿ ಸರ್ವಿಸಿನಲ್ಲೂ ಮುಚ್ಚಿಟ್ಟಿತೆಂದು ತೋರಿಸಲಾದರೆ, ಕಲಂ 2(11)ರಂತೆ ಅದು ಸೇವಾ ನ್ಯೂನತೆಯೂ ಹೌದು. ತಯಾರಕರು ಡೀಲರ್‌ಗಳಿಗೆ ಕಳಿಸುವ ಸರ್ವಿಸ್ ಬುಲೆಟಿನ್‌ಗಳು ಇಲ್ಲಿ ದೊಡ್ಡ ಆಧಾರ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಅಲ್ಲಿನ ಬುಲೆಟಿನ್‌ಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ, ಅದೇ ಎಂಜಿನ್ನಿನದು ಸಿಕ್ಕರೆ ಲಗತ್ತಿಸಿ.

ಕೋರಿಕೆ ಎಷ್ಟಿರಬೇಕು ಎಂಬುದರಲ್ಲಿ ಸಂಯಮ ಬೇಕು. ಒಂದು ಪೈಪು ಒಡೆದದ್ದಕ್ಕೆ ಹೊಸ ಕಾರನ್ನೇ ಕೇಳುವವರು ಹೆಚ್ಚಾಗಿ ಕೈಸುಟ್ಟುಕೊಳ್ಳುತ್ತಾರೆ. ಕ್ಲಚ್ ದೋಷದ ಬಗೆಗಿನ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಕೆಟ್ಟ ಭಾಗವನ್ನು ಬದಲಿಸುವುದಷ್ಟೇ ವಾರಂಟಿಯ ಕಟ್ಟುಪಾಡಾಗಿರುವಾಗ ಇಡೀ ವಾಹನ ಬದಲಿಸುವ ಆದೇಶ ಸರಿಯಲ್ಲ ಎಂದು ಹೇಳಿ ಪರಿಹಾರ ಧನ ಕೊಡಿಸಿತು. ದುರಸ್ತಿಯ ಪೂರ್ಣ ವೆಚ್ಚ, ಕಾರು ನಿಂತಿದ್ದ ದಿನಗಳ ಬದಲಿ ಪ್ರಯಾಣದ ಖರ್ಚು, ಬಡ್ಡಿ, ಪ್ರಕರಣದ ಖರ್ಚು: ಬಿಲ್ ಇರುವ ಇಂಥ ಕೋರಿಕೆಗೆ ಬಲ ಹೆಚ್ಚು. ಜೊತೆಗೆ ತಾಪಮಾನದ ಕೆಂಪು ದೀಪ ಹೊತ್ತಿದ ಮೇಲೂ ಓಡಿಸಿದ್ದರೆ ಆ ಭಾಗದ ಹಾನಿ ನಿಮ್ಮ ತಲೆಗೇ ಬರುತ್ತದೆ. ದೀಪ ಕಂಡ ಕೂಡಲೇ ನಿಲ್ಲಿಸಿ, ಟೋ ಮಾಡಿಸಿದ ರಸೀದಿ ಇಟ್ಟುಕೊಳ್ಳಿ.

ಇದು ಸಿರಿವಂತರ ತಕರಾರು, ಗ್ರಾಹಕ ಆಯೋಗದ ಸಮಯ ಇದಕ್ಕೇಕೆ ಎಂದು ಕೇಳುವವರಿದ್ದಾರೆ. ಕೊಂಡವನ ಆದಾಯವನ್ನು ಕಾಯ್ದೆ ಕೇಳುವುದಿಲ್ಲ. ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡದ್ದೇ ಎಂದು ಮಾತ್ರ ಕೇಳುತ್ತದೆ. ಕಂಪನಿಯ ಹೆಸರಿನಲ್ಲಿ ಕೊಂಡ ಕಾರಾದರೂ ನಿರ್ದೇಶಕರ ಸ್ವಂತ ಬಳಕೆಗಾಗಿದ್ದರೆ ಅದು ತಾನಾಗಿಯೇ ವಾಣಿಜ್ಯ ಉದ್ದೇಶವಾಗುವುದಿಲ್ಲ ಎಂಬುದನ್ನು ಮರ್ಸಿಡಿಸ್ ಕಾರುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಎತ್ತಿಹಿಡಿದಿದೆ. ದುಬಾರಿ ಕಾರುಗಳ ಹೆಸರಿನಲ್ಲಿ ಗಟ್ಟಿಯಾಗುವ ತತ್ವ ನಾಳೆ ಸಾಲ ಮಾಡಿ ಸಣ್ಣ ಕಾರು ಕೊಂಡ ಶಿಕ್ಷಕಿಗೂ ಆಸರೆಯಾಗುತ್ತದೆ, ಏಕೆಂದರೆ ಅವರ ಎಂಜಿನ್ನಿನಲ್ಲಿರುವ ಪ್ಲಾಸ್ಟಿಕ್ಕೂ ಅದೇ ಬಗೆಯದು.

ಎಲ್ಲಿ ದೂರು ಕೊಡಬೇಕೆಂಬುದು ಕೊಟ್ಟ ಬೆಲೆಯ ಮೇಲೆ ನಿಲ್ಲುತ್ತದೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದಕ್ಕೂ ಮೇಲಿದ್ದರೆ ದೆಹಲಿಯ ರಾಷ್ಟ್ರೀಯ ಆಯೋಗ. ಈ ಅಳತೆಗೋಲನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಒಪ್ಪಿದೆ. 5 ಲಕ್ಷದವರೆಗೆ ಶುಲ್ಕವಿಲ್ಲ, 50 ಲಕ್ಷದಿಂದ 1 ಕೋಟಿಯವರೆಗಿನದಕ್ಕೆ 2,000 ರೂಪಾಯಿ. ಡೀಲರ್ ಮುಂಬೈಯವನಾದರೂ ನೀವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ದೂರು ಸಲ್ಲಿಸಬಹುದು. ಈಗ ಇ-ಜಾಗೃತಿ ಜಾಲತಾಣದ ಮೂಲಕವೂ ಆಗುತ್ತದೆ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕಂಪನಿಯೊಡನೆ ಮೊದಲು ಮಾತುಕತೆಗೆ ಪ್ರಯತ್ನಿಸುತ್ತದೆ. ಆ ಮಾತುಕತೆ ಎಳೆಯುತ್ತಿದ್ದರೂ ಕಾಲಮಿತಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. ಕಲಂ 69ರಂತೆ ವ್ಯಾಜ್ಯದ ಕಾರಣ ಹುಟ್ಟಿದಂದಿನಿಂದ 2 ವರ್ಷ. ಕೊಂಡ ದಿನದಿಂದಲೇ ಎಣಿಸಬೇಕೆಂದು ಎದುರುದಾರ ವಾದಿಸುತ್ತಾನೆ. ಒಳಗೆ ಅಡಗಿದ್ದ ದೋಷ ಬಯಲಾದ ದಿನ ಯಾವುದೆಂದು ನೀವು ಜಾಬ್ ಕಾರ್ಡಿನಿಂದಲೇ ತೋರಿಸಬೇಕು. ತಡವಾಗಿದ್ದರೆ ಕಾರಣ ವಿವರಿಸುವ ಮನ್ನಾ ಅರ್ಜಿ ದೂರಿನ ಜೊತೆಗಿರಲಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಹಾದಿ ಇನ್ನಷ್ಟು ಕಡಿದು. ನಿಮಗೆ ಮಾರಿದ ಡೀಲರ್ ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಟ್ಟಿದ್ದರೆ ಆ ಮಾತಿಗೆ ಅವನು ಹೊಣೆ. ತಯಾರಕನನ್ನು ಎಳೆಯಬೇಕಾದರೆ ವಾರಂಟಿ ನಿಮ್ಮ ಹೆಸರಿಗೆ ವರ್ಗವಾದ ದಾಖಲೆ, ಹಳೆಯ ಮಾಲೀಕನ ಸರ್ವಿಸ್ ಇತಿಹಾಸ ಎರಡೂ ಕೈಯಲ್ಲಿರಬೇಕು.

ಅದೇ ಎಂಜಿನ್ನಿನ ಹಲವು ಮಾಲೀಕರಿಗೆ ಇದೇ ಗತಿಯಾಗಿದ್ದರೆ ಒಬ್ಬೊಬ್ಬರೇ ಹೋರಾಡಬೇಕಿಲ್ಲ. ಕಲಂ 35(1)(ಸಿ) ಪ್ರಕಾರ ಆಯೋಗದ ಅನುಮತಿ ಪಡೆದು ಒಂದೇ ಹಿತಾಸಕ್ತಿಯ ಎಲ್ಲರ ಪರವಾಗಿ ದೂರು ಕೊಡಬಹುದು. ಬೆಂಗಳೂರಿನ ವಸತಿ ಯೋಜನೆಯೊಂದರ ಖರೀದಿದಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದಂತೆ, ಹಿತಾಸಕ್ತಿ ಒಂದೇ ಎಂಬುದನ್ನು ದೂರಿನಲ್ಲೇ ವಿವರಿಸಿರಬೇಕು. ಅದಿಲ್ಲದಿದ್ದರೆ ಕೆಲವರೇ ಸೇರಿ ಜಂಟಿ ದೂರು ಸಲ್ಲಿಸುವ ದಾರಿ ಬೇರೆಯೇ ಇದೆ. ಸೋರಿಕೆಯಿಂದ ನಡುರಸ್ತೆಯಲ್ಲಿ ಎಂಜಿನ್ ನಿಂತು ಪ್ರಯಾಣಿಕರಿಗೆ ಅಪಾಯವಾಗುವಂತಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 110ಎ ಅಡಿ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಕೇಂದ್ರ ಸರ್ಕಾರ ಆದೇಶಿಸಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಾಗಿ 7 ವರ್ಷ ದಾಟದ ವಾಹನಗಳಿಗೆ ಮಾತ್ರ ಇವು ಅನ್ವಯ. ನಿಗದಿತ ಪ್ರಮಾಣದಲ್ಲಿ ದೂರುಗಳು ದಾಖಲಾದರೆ ಮಾತ್ರ ವಿಚಾರಣೆ ಶುರುವಾಗುವುದರಿಂದ, ಪರಿಹಾರದ ದೂರನ್ನು ಆಯೋಗಕ್ಕೆ ಕೊಟ್ಟವರೂ ವಾಹನ್ ಜಾಲತಾಣದ ಹಿಂಪಡೆಯುವಿಕೆ ವಿಭಾಗದಲ್ಲಿ ತಮ್ಮ ಕಾರಿನ ವಿವರವನ್ನು ಬೇರೆಯಾಗಿ ದಾಖಲಿಸಬೇಕು.