ಬಾಳಕಥೆಗಳನ್ನು ಓದುವುದು ಹೇಗೆ?

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ, ತಾವು ಹಿಂದೆ ಧರ್ಮಸಭೆಯನ್ನು ಹಿಂಸಿಸಿದ್ದನ್ನು ಮುಚ್ಚಿಡದೆ ಹೇಳುತ್ತಾರೆ. ಸಂತ ಆಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ಬರೆದ ಆತ್ಮನಿವೇದನೆಯಲ್ಲಿ, ಹದಿಹರೆಯದಲ್ಲಿ ನೆರೆಯ ಮರದ ಹಣ್ಣು ಕದ್ದಿದ್ದನ್ನು ನೆನೆಯುತ್ತಾರೆ. ಕದ್ದದ್ದು ಹಸಿವಿಗಲ್ಲ, ಕದಿಯುವ ಖುಷಿಗೆ ಎಂದು ಒಪ್ಪಿಕೊಳ್ಳುತ್ತಾರೆ. ಹೀಗೆ ಆತ್ಮಕಥೆ ನಮ್ಮ ವಿಶ್ವಾಸಕ್ಕೆ ಹೊಸದಲ್ಲ.

ಆತ್ಮಕಥೆಯಲ್ಲಿ ಬರೆದವರು ತಮ್ಮ ಬಾಳನ್ನು ಹೇಳುತ್ತಾರೆ. ನೆನಪಿನ ಬರಹದಲ್ಲಿ ಹೆಚ್ಚಾಗಿ ತಾವು ಕಂಡವರನ್ನು. ಮುಳಬಾಗಿಲಿನ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ' ಎರಡನೆಯ ಬಗೆಯದು.

ಹಿಂದೂಪುರದ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. ಅವರ ಆತ್ಮಕಥೆ 'ಹೋರಾಟದ ಹಾದಿ'. 1935ರಲ್ಲಿ ಬಸ್ಸಿಗೆ ಕಾಸಿಲ್ಲದ ಬಡ ಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. 1942ರಲ್ಲಿ ಓದು ಬಿಟ್ಟು ಸ್ವಾತಂತ್ರ್ಯ ಚಳವಳಿ ಸೇರಿ ಸೆರೆಮನೆ ಕಂಡರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಸರಳವಾಗಿಯೇ ಬಾಳಿದರು. ಅವರು ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿ. ಅವರ ಎಲ್ಲ ಮಾತನ್ನೂ ನಾವು ಒಪ್ಪಬೇಕಿಲ್ಲ. ಆದರೆ ಆ ಬಾಳಿನ ಪ್ರಾಮಾಣಿಕತೆ, ತ್ಯಾಗಗಳಿಂದ ಕಲಿಯದಿದ್ದರೆ ನಷ್ಟ ನಮ್ಮದೇ.

ಓದುವಾಗ ಮೂರು ವಿಷಯ ಗಮನಿಸೋಣ.

1. ಬರೆದವರು ತಮ್ಮ ತಪ್ಪನ್ನು ಹೇಗೆ ಹೇಳುತ್ತಾರೆ? ತಪ್ಪೇ ಇಲ್ಲದ ಕಥೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು.

2. ಯಾರನ್ನು ನೆನೆಯುತ್ತಾರೆ? ಅನ್ನ ಹಾಕಿದವರು, ಅಕ್ಷರ ಕಲಿಸಿದವರು ಬಂದರೇ?

3. ಏನನ್ನು ಬಿಟ್ಟಿದ್ದಾರೆ? ಆತ್ಮಕಥೆ ಒಬ್ಬರ ಸಾಕ್ಷ್ಯ ಮಾತ್ರ. ಅದೇ ಕಾಲದ ಇನ್ನೊಬ್ಬರ ಬರಹವನ್ನೂ ನೋಡುವುದು ಒಳ್ಳೆಯದು.

ಬಾಲಯೇಸುವಿನ ಸಂತ ತೆರೇಸಮ್ಮನವರು ಬಾಲ್ಯದ ನೆನಪುಗಳನ್ನು ಬರೆಯತೊಡಗಿದ್ದು ಮಠದ ಮುಖ್ಯಸ್ಥೆಯಾಗಿದ್ದ ಅಕ್ಕನ ಅಪ್ಪಣೆಯಿಂದ. 24ನೇ ವಯಸ್ಸಿಗೇ ತೀರಿಕೊಂಡ ಅವರ ಪುಸ್ತಕ 1898ರಲ್ಲಿ, ಮರಣದ ಮರುವರ್ಷ, ಹೊರಬಂತು. ಯಾರೋ ಕೇಳಿದ್ದರಿಂದ ಅದು ಉಳಿಯಿತು.

ಪೆನುಕೊಂಡದ ಸುತ್ತಲಿನ ನಮ್ಮ ಮನೆಗಳಲ್ಲೂ ಹೇಳುವವರಿದ್ದಾರೆ, ಕೇಳುವವರು ಕಡಿಮೆ. ಮಕ್ಕಳು ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುತ್ತಾರೆ, ಓದಲಿ. ಆದರೆ ಅಜ್ಜಿ ಕನ್ನಡದಲ್ಲಿ ಹೇಳುವ ಬರಗಾಲದ ಕಥೆ, ಮೊದಲ ಪರಮಪ್ರಸಾದದ ನೆನಪು ಅಜ್ಜಿಯೊಂದಿಗೇ ಮಣ್ಣಾಗಬಾರದು.

ಈ ತಿಂಗಳ ಅಭ್ಯಾಸ: ಮನೆಯ ಹಿರಿಯರೊಬ್ಬರನ್ನು ಮಾತಾಡಿಸಿ, ಅವರದೇ ಮಾತಿನಲ್ಲಿ ಒಂದು ಪುಟ ಕನ್ನಡದಲ್ಲಿ ಬರೆಯೋಣ. ಕನ್ನಡ ಬರೆಯಲು ಬಾರದ ಮಕ್ಕಳು ತೆಲುಗು ಲಿಪಿಯಲ್ಲೇ ಬರೆಯಲಿ. ದೊಡ್ಡವರು ಕನ್ನಡಕ್ಕೆ ಇಳಿಸಲಿ. ಬರೆದದ್ದನ್ನು ಮನೆಯ ಪ್ರಾರ್ಥನೆಯ ಬಳಿಕ ಎಲ್ಲರೂ ಕೂಡಿ ಓದೋಣ.